ನನ್ನ ಗಾಡಿಯ ಪೂರ್ವಸೂರಿಗಳಿಗೆ

ಹೆಸರು, ಅಂಗಡಿ, ಊರು ಯಾವುದೂ ಗೊತ್ತಿಲ್ಲದ, ಕೈಕೆಲಸ ಮಾತ್ರ ಚೆನ್ನಾಗಿ ಗೊತ್ತಿರುವ ಆಟೋ ಎಲೆಕ್ಟ್ರಿಷಿಯನ್ ಮಹಾಶಯರಿಗೆ,
ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳು, ಮತ್ತು ಇವುಗಳ ನಡುವಿನ ಎಲ್ಲ ಗೇಟು, ಕ್ರಾಸು, ಪೆಟ್ರೋಲ್ ಬಂಕುಗಳು.

ಉಭಯ ಕುಶಲೋಪರಿ. ಇತ್ತ ನಾನು ಕ್ಷೇಮ, ಗಾಡಿಯೂ ಕ್ಷೇಮ. ಗಾಡಿ ಕ್ಷೇಮವಾಗಿರುವುದು ಈಚೆಗೆ, ನೀವೆಲ್ಲ ಅದರೊಳಗಿಂದ ಹೊರಗೆ ಬಂದ ಮೇಲೆ.

ನಮ್ಮ ಹಳೆಯ ಕವಿಗಳಿಗೆ ಒಂದು ಶಿಸ್ತಿತ್ತು. ಕಾವ್ಯ ಶುರುಮಾಡುವ ಮುಂಚೆ ತಮಗಿಂತ ಹಿಂದಿನವರನ್ನು ನೆನೆದು ಕೈಮುಗಿಯುತ್ತಿದ್ದರು. ಅದಾದ ಮೇಲೆ ಕುಕವಿಗಳನ್ನು ಒಂದೆರಡು ಪದ್ಯಗಳಲ್ಲಿ ಚೆನ್ನಾಗಿ ಉಗಿಯುತ್ತಿದ್ದರು. ಸ್ತುತಿಗೆ ಬೇರೆ ಜನ, ನಿಂದೆಗೆ ಬೇರೆ ಜನ. ನನಗೆ ಆ ಸವಲತ್ತಿಲ್ಲ. ನನ್ನ ಪಿಕಪ್ಪಿನ ವೈರಿಂಗ್ ಎಂಬ ಗ್ರಂಥಕ್ಕೆ ಕಾಲಕಾಲಕ್ಕೆ ಪ್ರಕ್ಷೇಪ ಸೇರಿಸಿ, ಪಾಠಾಂತರ ಮಾಡಿ, ನಡುವೆ ಹಾಳೆ ಹರಿದು ಉಪಕರಿಸಿದವರೆಲ್ಲ ನೀವೇ. ಹಾಗಾಗಿ ಎರಡನ್ನೂ ಒಂದೇ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಯಾರ ಪಾಲು ಯಾವುದು ಎಂದು ನಿಮ್ಮನಿಮ್ಮಲ್ಲೇ ಹಂಚಿಕೊಳ್ಳಿ.

ಗಾಡಿಯ ಗುರುತು ಹೇಳಿಬಿಡುತ್ತೇನೆ. ಆಗಿನ ಟೆಲ್ಕೋದವರು 1988ರಲ್ಲಿ ಟಾಟಾಮೊಬೈಲ್ ಎಂಬ ಪಿಕಪ್ ತಂದರಲ್ಲ, ಆ ಸಂತಾನದ್ದು. ಲಾರಿ, ಬಸ್ಸುಗಳಲ್ಲೇ ಮುಳುಗಿದ್ದ ಕಂಪನಿ ಸಣ್ಣ ಗಾಡಿಯ ಕಡೆಗೆ ಇಟ್ಟ ಹೆಜ್ಜೆ ಅದು. ಅದರ ಮೈಕಟ್ಟಿನ ಮೇಲೆಯೇ 1991ರಲ್ಲಿ ಸಿಯೆರಾ, ಮರುವರ್ಷ ಎಸ್ಟೇಟ್, 1994ರಲ್ಲಿ ಸುಮೋ ಬಂದವು. ಹಳೆ ಗಾಡಿಯ ಹುಚ್ಚಿನವರು ಈಗ ಸಿಯೆರಾವನ್ನು ಊರೂರು ಹುಡುಕಿ ದುಡ್ಡು ಸುರಿದು ಹೊಸದು ಮಾಡಿಸುತ್ತಾರೆ. ಅದರ ಅಣ್ಣನಿಗೆ ಮಾತ್ರ ಜೀವಮಾನವೆಲ್ಲ ದ್ರಾಕ್ಷಿ ಕ್ರೇಟು, ರೇಷ್ಮೆಗೂಡಿನ ಚೀಲ, ಸಿಮೆಂಟು, ಎಳಗರು, ಮದುವೆ ಮನೆಯ ಪಾತ್ರೆ. ನನ್ನ ಕೈಗೆ ಬರುವ ಮುಂಚೆ ಇದು ನಾಲ್ಕಾರು ಮನೆ ತುಂಬಿದೆ. ಮಾಲೀಕರು ಬದಲಾದಾಗಲೆಲ್ಲ ಮುಂದಿನ ಗಾಜಿನ ಮೇಲಿನ ದೇವರ ಹೆಸರು ಬದಲಾಗಿದೆ. ಒಂದರ ಕೆಳಗೊಂದು ಇನ್ನೂ ಮಸುಕಾಗಿ ಓದಲು ಸಿಗುತ್ತವೆ. ವೈರಿಂಗ್ ಯಾರೂ ಬದಲಾಯಿಸಿಲ್ಲ.

ಇದರಲ್ಲಿ ಅಚ್ಚರಿಯೇನೂ ಇಲ್ಲ, ನಮ್ಮ ಜಿಲ್ಲೆಯ ರೀತಿಯೇ ಹಾಗೆ. 1986ರಲ್ಲಿ ಬೆಂಗಳೂರನ್ನು ಸೀಳಿ ಇದಕ್ಕೆ ಬೆಂಗಳೂರು ಗ್ರಾಮಾಂತರ ಎಂದು ಬೋರ್ಡು ಹಾಕಿದರು. ಗ್ರಾಮಾಂತರದ ಜಿಲ್ಲಾಧಿಕಾರಿ ಕಚೇರಿ ಮಾತ್ರ ಮೂವತ್ತು ವರ್ಷ ಬೆಂಗಳೂರು ನಗರದಲ್ಲೇ ಇತ್ತು. 2007ರಲ್ಲಿ ರಾಮನಗರವನ್ನು ಬಿಡಿಸಿಕೊಂಡರು. 2025ರ ಜುಲೈನಲ್ಲಿ ನಂದಿ ಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಇದಕ್ಕೆ ಬೆಂಗಳೂರು ಉತ್ತರ ಎಂದು ಹೆಸರಿಡಲು ತೀರ್ಮಾನಿಸಿತು. ಬೋರ್ಡು ಬರೆಯುವವರಿಗೆ ಇಲ್ಲಿ ಯಾವತ್ತೂ ಕೆಲಸಕ್ಕೆ ಬರವಿಲ್ಲ. ಒಳಗೆ ಲೈನು ಎಳೆಯುವ ಕೆಲಸ ಮಾತ್ರ ನಿಮ್ಮಂಥವರಿಗೆ, ಅದೂ ರಾತ್ರಿ ಹೊತ್ತು, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು.

ಮೊದಲ ನಮಸ್ಕಾರ ಹಳದಿ ವೈರಿನ ಮಹಾನುಭಾವರಿಗೆ.

ಸ್ವಾಮಿ, ತಾವು ಯಾರೋ ತಿಳಿಯದು. ವೈರುಗಳಲ್ಲಿ ವರ್ಣಭೇದ ಇರಕೂಡದೆಂಬ ತಮ್ಮ ಸಮತಾಭಾವಕ್ಕೆ ಮಾರುಹೋಗಿದ್ದೇನೆ. ಕಂಪನಿಯವರು ಒಂದೊಂದು ಕೆಲಸಕ್ಕೆ ಒಂದೊಂದು ಬಣ್ಣ ಕೊಟ್ಟಿದ್ದರು. ಬಣ್ಣ ಸಾಲದೆ ಹೋದಲ್ಲಿ ಅದರ ಮೇಲೆ ಇನ್ನೊಂದು ಬಣ್ಣದ ಸಣ್ಣ ಗೆರೆ ಎಳೆದಿದ್ದರು. ಸ್ವಿಚ್ಚಿನಿಂದ ಹೊರಟ ವೈರು ಬಲ್ಬಿನ ಬುಡದಲ್ಲೂ ಅದೇ ಬಣ್ಣದಲ್ಲಿ ಕಾಣಿಸಬೇಕು ಎಂಬುದು ಅವರ ಮೂಢನಂಬಿಕೆ. ತಾವು ಬಂದು ಗಾಡಿಯನ್ನು ಅದರಿಂದ ಬಿಡುಗಡೆ ಮಾಡಿದಿರಿ. ಹಾರನ್ನಿಗೆ ಹಳದಿ, ವೈಪರಿಗೆ ಹಳದಿ, ಹಿಂದಿನ ಲೈಟಿಗೆ ಹಳದಿ, ಡೀಸೆಲ್ ಗೇಜಿಗೆ ಹಳದಿ. ಅಂದು ತಮ್ಮ ಅಂಗಡಿಯಲ್ಲಿದ್ದದ್ದು ಆ ಒಂದೇ ಸುರುಳಿ ಎಂದು ಈಗ ಅರ್ಥವಾಗುತ್ತದೆ. ಆ ಸುರುಳಿ ಮುಗಿದಲ್ಲಿಂದ ಮುಂದೆ ತಾವು ಮನೆಗೆ ಹಾಕುವ ಕರಿ ವೈರು ಎಳೆದಿದ್ದೀರಿ. ಅದು ಗೋಡೆಯೊಳಗೆ ಅಲುಗಾಡದೆ ಮಲಗಲೆಂದು ಮಾಡಿದ ವೈರು. ಒಳಗೆ ದಪ್ಪನೆಯ ಕೆಲವೇ ಎಳೆಗಳು. ಗಾಡಿಯ ವೈರಿನಲ್ಲಿ ಕೂದಲಿನಂಥ ಎಳೆಗಳು ಹತ್ತಾರು, ಕುಲುಕಾಟಕ್ಕೆ ಬಾಗಲೆಂದು. ಮನೆಯ ವೈರು ಘಾಟಿ ರಸ್ತೆಯ ಹಂಪುಗಳಿಗೆ ಬಾಗಿ ಬಾಗಿ, ಹೊರಗಿನ ಪ್ಲಾಸ್ಟಿಕ್ ನೆಟ್ಟಗಿದ್ದರೂ ಒಳಗಡೆ ತುಂಡಾಗಿ ಕೂತಿತ್ತು. ಟೆಸ್ಟ್ ಲ್ಯಾಂಪ್ ಹಿಡಿದರೆ ಒಮ್ಮೆ ಉರಿಯುತ್ತದೆ, ಗಾಡಿಗೆ ಒದ್ದರೆ ಆರುತ್ತದೆ, ಇನ್ನೊಮ್ಮೆ ಒದ್ದರೆ ಉರಿಯುತ್ತದೆ. ಹಿಂದಿನ ಮಾಲೀಕರು ಗಾಡಿ ಕೊಡುವಾಗ "ಲೈಟ್ ಹೋದ್ರೆ ಇಲ್ಲಿ ಒಂದು ಕೊಡಿ ಸಾರ್" ಎಂದು ಡ್ಯಾಶ್‌ಬೋರ್ಡಿನ ಒಂದು ಜಾಗ ತೋರಿಸಿದ್ದರು. ಅದನ್ನೊಂದು ಸೌಕರ್ಯ ಎಂದೇ ಭಾವಿಸಿ ತೋರಿಸಿದ್ದರು.

ಇನ್ನೊಬ್ಬರು ತಾವು ಬೆಳಕಿನ ಉಪಾಸಕರು. ಕಾನೂನಿನ 60/55 ವ್ಯಾಟ್ ಹೆಡ್‌ಲೈಟ್ ಬಲ್ಬು ತೆಗೆದು 100/90 ಹಾಕಿದವರು. ತಮ್ಮ ಮೇಲೆ ನನಗೆ ಸಿಟ್ಟಿಲ್ಲ, ಲೆಕ್ಕವಿದೆ. ಬ್ಯಾಟರಿ 12 ವೋಲ್ಟಿನದು. 60ರ ಎರಡು ಬಲ್ಬು ಎಳೆಯುವುದು 10 ಆಂಪಿಯರ್. 100ರ ಎರಡು ಎಳೆಯುವುದು ಸುಮಾರು 17. ತಂತಿಯ ಬಿಸಿ ಕರೆಂಟಿನ ವರ್ಗದಂತೆ ಏರುತ್ತದೆ, ಅಂದರೆ ಬಲ್ಬು ಒಂದೂಮುಕ್ಕಾಲು ಪಟ್ಟಿಗಿಂತ ಕಮ್ಮಿ ಹೆಚ್ಚಿದರೂ ತಂತಿಯ ಸಂಕಟ ಮೂರು ಪಟ್ಟಿನ ಹತ್ತಿರ. ಆ ಎಲ್ಲ ಕರೆಂಟೂ ಸ್ಟೇರಿಂಗ್ ಕೆಳಗಿನ ಡಿಮ್-ಡಿಪ್ ಸ್ವಿಚ್ಚಿನ ಒಳಗಿಂದಲೇ ಹಾಯಬೇಕು. ಸ್ವಿಚ್ಚು ಕರಗಿತು. ಆಗ ತಾವು ಏನು ಮಾಡಿದಿರಿ? ಸ್ವಿಚ್ಚನ್ನೇ ಬಿಟ್ಟು ಬ್ಯಾಟರಿಯಿಂದ ಲೈಟಿಗೆ ಡೈರೆಕ್ಟ್ ಕೊಟ್ಟಿರಿ. ನಡುವೆ ಒಂದು ರಿಲೇ ಇಟ್ಟಿದ್ದರೆ ಸ್ವಿಚ್ಚಿನ ಪಾಲಿಗೆ ಒಂದು ಆಂಪಿಯರ್ ಕೂಡ ಬರುತ್ತಿರಲಿಲ್ಲ. 30, 85, 86, 87 ಎಂದು ಅದರ ಕಾಲಿನ ಮೇಲೆಯೇ ಜರ್ಮನಿಯವರು ಗೊತ್ತುಮಾಡಿದ ನಂಬರ್ ಬರೆದಿರುತ್ತದೆ. 30ಕ್ಕೆ ಬ್ಯಾಟರಿ, 87ಕ್ಕೆ ಲೈಟು, ಉಳಿದೆರಡು ಸ್ವಿಚ್ಚಿಗೂ ಬಾಡಿಗೂ. ಓದು ಬಾರದವರೂ ದೊಡ್ಡಬಳ್ಳಾಪುರದಲ್ಲಿ ಈ ನಾಲ್ಕು ಅಂಕಿಗಳನ್ನು ಬಾಯಿಪಾಠ ಒಪ್ಪಿಸುತ್ತಾರೆ. ತಾವೂ ಒಪ್ಪಿಸಬಲ್ಲಿರಿ, ಅದು ನನಗೆ ಗೊತ್ತು. ಆದರೆ ರಿಲೇಗೆ ದುಡ್ಡು ಯಾರು ಕೊಡಬೇಕು?

ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಅದಕ್ಕೂ ಮುಂಚೆ ಬೆಳ್ಳಿ ಕಾಗದದ ಭಕ್ತರಿಗೆ ಒಂದು ಮಾತು.

ಫ್ಯೂಸ್ ಬಾಕ್ಸ್ ತೆರೆದಾಗ ಒಳಗೆ ಎಂಟು ಮನೆಗಳಿದ್ದವು. ಎರಡರಲ್ಲಿ ಫ್ಯೂಸಿತ್ತು. ಉಳಿದವುಗಳಲ್ಲಿ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ, ತಾಮ್ರದ ಎಳೆ, ಒಂದರಲ್ಲಿ ಕೂದಲಿನ ಪಿನ್ನು. ಪಿನ್ನಿನವರ ಸಂಸಾರದ ಬಗ್ಗೆ ಕೇಳುವುದಿಲ್ಲ. ಫ್ಯೂಸು ಪದೇಪದೇ ಸುಟ್ಟು ತೊಂದರೆ ಕೊಡುತ್ತಿತ್ತು, ಸುಡದೇ ಇರುವುದನ್ನು ಹಾಕಿದ್ದೇವೆ ಎಂಬುದು ನಿಮ್ಮ ಸಮಜಾಯಿಷಿ ಇರಬಹುದು. ನಿಜ, ಈಗ ಫ್ಯೂಸು ಸುಡುವುದಿಲ್ಲ. ಸುಡುವುದು ವೈರು, ಆಮೇಲೆ ಸೀಟು, ಆಮೇಲೆ ಗಾಡಿ. ಫ್ಯೂಸು ಕಾಯುವುದು ಬಲ್ಬನ್ನಲ್ಲ, ವೈರನ್ನು; ಬಲ್ಬು ಹೋದರೆ ಇನ್ನೊಂದು ಬರುತ್ತದೆ. ಈಗಿನ ಚಪ್ಪಟೆ ಫ್ಯೂಸುಗಳಿಗೆ ಬಣ್ಣವೇ ಭಾಷೆ: 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಬೆಲೆ ಒಂದು ಟೀಗಿಂತ ಕಮ್ಮಿ. ಸಿಗರೇಟಿನ ಬೆಲೆಯ ಮಾತಂತೂ ಬೇಡ.

ಕಾಲಿಂಗ್ ಬೆಲ್ಲಿನ ಸ್ವಿಚ್ಚನ್ನು ಹಾರನ್ನಿಗೆ ಕೂರಿಸಿದವರನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅದು ಇಡೀ ಗಾಡಿಯಲ್ಲಿ ತಪ್ಪದೆ ಕೆಲಸ ಮಾಡುತ್ತಿದ್ದ ಒಂದೇ ಭಾಗ. ಎಫ್‌ಸಿಯ ಹಿಂದಿನ ದಿನ ಬಂದು ಎಲ್ಲ ಲೈಟುಗಳನ್ನೂ ಒಂದು ದಿನದ ಮಟ್ಟಿಗೆ ಉರಿಸಿ ಹೋದವರು, ಗಣಪತಿ ಬಿಡುವ ದಿನ ಸೀರಿಯಲ್ ಸೆಟ್ಟಿಗೆ ಲೈನ್ ಎಳೆದು ವಿಸರ್ಜನೆಯಾದ ಮೇಲೆ ಅದನ್ನು ವಿಸರ್ಜಿಸದೆ ಹೋದವರು, ಚುನಾವಣೆಗೆ ಮೈಕ್ ಕಟ್ಟಿದವರು, ರಿವರ್ಸ್ ಗೇರಿಗೆ ಹಾಡು ಹಾಕಲು ಹೋಗಿ ಬ್ರೇಕಿಗೆ ಹಾಕಿದವರು, ತಮಗೆಲ್ಲ ಒಟ್ಟಾಗಿ ವಂದನೆ. ಗೆದ್ದ ಅಭ್ಯರ್ಥಿ ಯಾರೋ, ಅವರ ಧ್ವನಿವರ್ಧಕದ ವೈರು ಮೊನ್ನೆಯವರೆಗೂ ನನ್ನ ಬ್ಯಾಟರಿಗೆ ಅಂಟಿಕೊಂಡಿತ್ತು.

ಹೆಚ್ಚು ಹೊತ್ತು ತಿಂದದ್ದು ಹಿಂದಿನ ಲೈಟುಗಳ ಕಥೆ. ಬ್ರೇಕ್ ತುಳಿದರೆ ಎಡಗಡೆಯ ಇಂಡಿಕೇಟರ್ ಸಣ್ಣಗೆ ಉರಿಯುತ್ತಿತ್ತು. ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟೂ ಅದರ ಜೊತೆ ಕಣ್ಣು ಮಿಟುಕಿಸುತ್ತಿತ್ತು. ಇದನ್ನು ಸರಿಮಾಡಲು ನಿಮ್ಮಲ್ಲಿ ಒಬ್ಬೊಬ್ಬರೂ ಒಂದೊಂದು ಹೊಸ ವೈರು ಎಳೆದಿದ್ದೀರಿ. ಛಾಸಿಯ ಉದ್ದಕ್ಕೂ ಅವು ಹಾಗೇ ಇದ್ದವು, ಒಂದರ ಮೈಮೇಲೆ ಒಂದು. ಅಷ್ಟೂ ವೈರು ಹೊಸ ಕರೆಂಟನ್ನು ಹಿಂದಕ್ಕೆ ತಲಪಿಸುವಂಥವು. ಕರೆಂಟಿಗೆ ಹಿಂದೆ ಹೋಗುವುದು ಯಾವತ್ತೂ ಕಷ್ಟವಾಗಿರಲಿಲ್ಲ, ವಾಪಸ್ ಬರುವುದು ಕಷ್ಟವಾಗಿತ್ತು. ಗಾಡಿಯಲ್ಲಿ ವಾಪಸ್ ದಾರಿ ಎಂದರೆ ಬಾಡಿಯ ತಗಡೇ. ಲೈಟಿನ ಅರ್ತ್ ಕೂತ ಬೋಲ್ಟಿಗೆ ತುಕ್ಕು ಹಿಡಿದಿತ್ತು, ದಾರಿ ಮುಚ್ಚಿತ್ತು. ಬಂದ ಕರೆಂಟು ಸುಮ್ಮನಿರುವುದಿಲ್ಲ, ಪಕ್ಕದ ಬಲ್ಬಿನ ತಂತಿಯ ಒಳಗೆ ನುಗ್ಗಿ ಆ ಕಡೆಯಿಂದ ಮನೆ ಸೇರುತ್ತದೆ. ಬ್ರೇಕಿನ ಕರೆಂಟು ಇಂಡಿಕೇಟರಿನ ಮನೆಯಲ್ಲಿ ಕಾಣಿಸಿಕೊಳ್ಳುವುದು ಹೀಗೆ. ಬೋಲ್ಟು ಬಿಚ್ಚಿ ಎರಡು ರೂಪಾಯಿಯ ಉಪ್ಪುಕಾಗದದಲ್ಲಿ ತಿಕ್ಕಿದಾಗ ತಲೆಮಾರುಗಳ ಈ ರೋಗ ವಾಸಿಯಾಯಿತು. ನಿಮ್ಮ ಕೈಯಲ್ಲಿ ಟೆಸ್ಟ್ ಲ್ಯಾಂಪಿತ್ತು, ತಲೆಯಲ್ಲಿ ಬುದ್ಧಿಯಿತ್ತು. ಗಾಡಿಯ ಕೆಳಗೆ ತೂರಿ ಮಲಗಲು ಒಂದು ಗೋಣಿಚೀಲ ಇರಲಿಲ್ಲ, ಅಷ್ಟೇ.

ಇಷ್ಟೆಲ್ಲ ಆದರೂ ಗಾಡಿ ನಿಲ್ಲಲಿಲ್ಲ, ಅದೇ ಇದರ ದುರಂತ. ಪೆಟ್ರೋಲ್ ಗಾಡಿಯಾಗಿದ್ದರೆ ಕಿಡಿ ಇಲ್ಲದೆ ಎಲ್ಲೋ ನಿಂತು, ಯಾರಾದರೂ ಬುಡಮಟ್ಟ ನೋಡಬೇಕಾಗುತ್ತಿತ್ತು. ಇದು ಹಳೆಯ ಡೀಸೆಲ್. ಹೀಟರ್ ಪ್ಲಗ್ಗು ಕಾಯಿಸಿ ಸೆಲ್ಫ್ ಹೊಡೆಯುವವರೆಗೆ ಮಾತ್ರ ಬ್ಯಾಟರಿಯ ಹಂಗು. ಒಮ್ಮೆ ಹತ್ತಿಕೊಂಡಿತೆಂದರೆ ಪಂಪು ಡೀಸೆಲ್ ಚಿಮ್ಮಿಸುತ್ತದೆ, ಎಂಜಿನ್ ತನ್ನ ಪಾಡಿಗೆ ಓಡುತ್ತದೆ. ಸೆಲ್ಫ್ ಹೋದರೆ ತಳ್ಳಲು ಊರಿನ ಹುಡುಗರಿದ್ದಾರೆ, ಅವರೂ ಇಲ್ಲದಿದ್ದರೆ ಇಳಿಜಾರಿದೆ. ಕರೆಂಟಿಲ್ಲದೆ ಬದುಕಬಲ್ಲ ಗಾಡಿಯ ಕರೆಂಟನ್ನು ಯಾರು ವಿಚಾರಿಸುತ್ತಾರೆ?

ಈಗ ನಿಮಗೆ ಒಂದು ಸುದ್ದಿ. ನಿಮ್ಮಲ್ಲೊಬ್ಬರು ಸಿಕ್ಕಿಬಿದ್ದಿದ್ದಾರೆ.

ವೈರಿಂಗ್ ಪೂರ್ತಿ ಬಿಚ್ಚಿ ಹೊಸ ಕಿಟ್ ಹಾಕಿಸಬೇಕೆಂದು ತೀರ್ಮಾನಿಸಿ ದೊಡ್ಡಬಳ್ಳಾಪುರದ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ನರ ಬಳಿ ಹೋದೆ. ಅವರು ಮೀಟರ್ ಬೋರ್ಡು ಬಿಚ್ಚಿ, ಒಳಗೆ ಕೈ ಹಾಕಿ ಒಂದು ಹಿಡಿ ಹಳದಿ ವೈರು ಹೊರಗೆಳೆದು, "ಯಾರ್ಯಾರು ಕೈ ಹಾಕವ್ರೆ ಸಾರ್ ಇದ್ಕೆ? ನನ್ ಕೈಯೂ ಇರ್ಬೌದು, ನೋಡಣ ಇರಿ" ಎಂದರು. ನಾನು ತಮಾಷೆ ಅಂದುಕೊಂಡೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ಡ್ರೈವರ್ ಸೀಟಿನ ಕೆಳಗಿನ ಒಂದು ಜಾಯಿಂಟು ಸಿಕ್ಕಿತು. ಉಳಿದ ಜಾಯಿಂಟುಗಳಲ್ಲಿ ಟೇಪು ಬಿಸಿಲಿಗೆ ಬೆಂದು, ಗೋಂದು ಬೆಲ್ಲದ ಪಾಕವಾಗಿ, ವೈರು ಬರಿಮೈಯಲ್ಲಿ ನಿಂತಿತ್ತು. ಇದೊಂದು ಮಾತ್ರ ಗಟ್ಟಿಯಾಗಿತ್ತು. ಟೇಪಿನ ಕೊನೆಗೆ ಬಣ್ಣ ಮಾಸಿದ ಗುಲಾಬಿ ನೂಲು ಸುತ್ತಿ ಗಂಟು ಹಾಕಿತ್ತು, ಮಗ್ಗದ ಆರ್ಟ್ ಸಿಲ್ಕ್ ನೂಲು. ಅವರು ಅದನ್ನು ಬೆಳಕಿಗೆ ಹಿಡಿದು ಒಂದು ಗಳಿಗೆ ನೋಡಿ, "ಇದು ನಂದೇ" ಎಂದರು. ಅವರ ಮನೆಯಲ್ಲಿ ಮಗ್ಗವಿದೆ. ಟೇಪು ಬಿಚ್ಚಿಕೊಳ್ಳದಿರಲಿ ಎಂದು ತುದಿಗೆ ನೂಲು ಕಟ್ಟುವುದು ಅವರ ಹಳೆಯ ಅಭ್ಯಾಸವಂತೆ.

ಹಾಗಾದರೆ ಇಲ್ಲಿ ಕೆಂಪು ವೈರಿಗೆ ಹಳದಿ ಯಾಕೆ ಸೇರಿಸಿದಿರಿ ಎಂದು ಕೇಳಿದೆ. ಅವರಿಗೆ ಸಂಕೋಚವೇನೂ ಆಗಲಿಲ್ಲ. "ಅವತ್ತು ಐವತ್ತು ರೂಪಾಯಿ ಕೊಟ್ಟಿರ್ತಾರೆ ಸಾರ್. ಐವತ್ತು ರೂಪಾಯ್ಗೆ ಅಷ್ಟೇ ಬೆಳಕು."

ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಒಂದು ಹಾಸು ಮುಗಿಯುತ್ತಾ ಬಂದಾಗ ಮಾಡುವ ಕೆಲಸವನ್ನು ನೀವೂ ನೋಡಿರುತ್ತೀರಿ. ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಲ್ಲಿ ಹೊಸೆದು ಕೂಡಿಸುತ್ತಾರೆ. ಸಾವಿರಾರು ಎಳೆ. ಮಾತಾಡುತ್ತ, ರೇಡಿಯೋ ಕೇಳುತ್ತ, ಕಣ್ಣು ಕಿರಿದು ಮಾಡಿಕೊಂಡು ಕೂಡಿಸುತ್ತಾರೆ. ಒಂದು ಎಳೆ ಪಕ್ಕದ ಮನೆಗೆ ಹೋಗುವುದಿಲ್ಲ. ಹೋದರೆ ಸೀರೆಯೇ ಸಾಕ್ಷಿ ಹೇಳುತ್ತದೆ, ಯಜಮಾನ ಕೂಲಿ ಹಿಡಿಯುತ್ತಾನೆ. ಅದೇ ಊರು, ಅದೇ ಮನೆತನಗಳು, ಅದೇ ಬೆರಳುಗಳು. ಗಾಡಿಯ ಬಾನೆಟ್ಟಿನ ಕೆಳಗೆ ಬಂದಾಗ ಮಾತ್ರ ಕೆಂಪಿಗೆ ಹಳದಿ ಸೇರುತ್ತದೆ. ಕೈಗೆ ಗೊತ್ತಿಲ್ಲದೆ ಅಲ್ಲ. ಇಲ್ಲಿ ಕೂಲಿ ಕೊಡುವುದು ಎಳೆಗೆ ಅಲ್ಲ, ಬೆಳಕಿಗೆ. ಲೈಟ್ ಉರಿಯಿತಾ, ಉರಿಯಿತು, ತಗೋ ಐವತ್ತು.

ಹಾಗಾಗಿ ನಿಮ್ಮನ್ನು ಬೈಯುವ ಭರದಲ್ಲಿ ಗಾಡಿಯ ಪಕ್ಕದಲ್ಲಿ ನಿಂತಿದ್ದವರನ್ನು ಮರೆತರೆ ತಪ್ಪಾದೀತು. ನಡುರಾತ್ರಿ, ಹಿಂದೆ ರೇಷ್ಮೆಗೂಡಿನ ಲೋಡು, ಬೆಳಗ್ಗೆ ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಗೂಡಿನ ಮಾರುಕಟ್ಟೆಗೆ ಹರಾಜಿನ ಹೊತ್ತಿಗೆ ತಲಪಬೇಕು. ಗೂಡು ಕಾಯುವ ಸರಕಲ್ಲ; ತಡವಾದರೆ ಹುಳು ಚಿಟ್ಟೆಯಾಗಿ ಗೂಡು ಕೊರೆದುಕೊಂಡು ಹೊರಗೆ ಬಂದುಬಿಡುತ್ತದೆ, ಆಮೇಲೆ ಆ ಗೂಡಿನಿಂದ ನೂಲು ಬಿಚ್ಚಲಾಗದು. ದಾರಿಯಲ್ಲಿ ಹೆಡ್‌ಲೈಟ್ ಹೋಗಿದೆ. "ಸದ್ಯಕ್ಕೆ ಒಂದ್ ಲೈನ್ ಎಳ್ದ್ಬುಡಣ್ಣ, ನಾಳೆ ಬಂದ್ ಸರಿಯಾಗ್ ಮಾಡುಸ್ತೀನಿ" ಎಂದು ಮಾಲೀಕರು ಹೇಳುತ್ತಾರೆ. ಆ ರಾತ್ರಿಯ ಮಟ್ಟಿಗೆ ನೀವು ಎಳೆದ ಹಳದಿ ವೈರೇ ಸರಿ. ಅದಕ್ಕಿಂತ ಸರಿಯಾದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಯಾವ ಕಾಲೇಜಿನಲ್ಲೂ ಇಲ್ಲ. ನಾಳೆ ಬರುತ್ತೇನೆ ಎಂದವರು ಬರಲಿಲ್ಲ. ಲೈಟ್ ಉರಿಯುತ್ತಿರುವಾಗ ಯಾರು ಬರುತ್ತಾರೆ? ನನ್ನ ಗಾಡಿಯ ಹಳೆಯ ವೈರಿಂಗಿನಲ್ಲಿ ಅಂಥ ಬಾರದ ನಾಳೆಗಳೇ ತುಂಬಿದ್ದವು. ರಿಲೇಗೆ ದುಡ್ಡು ಯಾರು ಕೊಡಬೇಕು ಎಂಬ ಪ್ರಶ್ನೆಗೂ ಉತ್ತರ ಅಲ್ಲೇ ಇದೆ: ನಾಳೆ ಬರುವವರು.

ನಿಮ್ಮನ್ನು ಹೊರಹಾಕಿದ ಬಗೆಯನ್ನೂ ತಿಳಿಸಬೇಕಲ್ಲ.

ಮೊದಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಅಲ್ಲಿನ ಒಂದು ಬಿಡಿಭಾಗಗಳ ಅಂಗಡಿಯಲ್ಲಿ ಕೇಳಿದರೆ, "ಟಾಟಾಮೊಬೈಲಾ? ಅದರ ಕಿಟ್ ಎಲ್ಲಿ ಸಾರ್ ಬರುತ್ತೆ? 207 ಡಿಐದು ಕೊಡ್ತೀನಿ, ಅಡ್ಜಸ್ಟ್ ಮಾಡ್ಕೊಳ್ಳಿ" ಎಂದರು. ಕಪ್ಲರುಗಳ ಆಕಾರವೇ ಬೇರೆ. ಅಡ್ಜಸ್ಟ್ ಎಂದರೆ ಕಪ್ಲರು ಕತ್ತರಿಸಿ, ವೈರು ಹೊಸೆದು, ಟೇಪು ಸುತ್ತುವುದು; ಅಂದರೆ ನಿಮ್ಮ ಪರಂಪರೆಯನ್ನು ಹೊಸ ತಾಮ್ರದಲ್ಲಿ ಮುಂದುವರಿಸುವುದು. ಬೇಡವೆಂದು ಬಂದೆ. ಮೇಸ್ತ್ರಿ, ಅಂದರೆ ಗುಲಾಬಿ ನೂಲಿನ ನಿಮ್ಮವರು, ಹಳೆಯದನ್ನು ನೋಡಿಯೇ ಹೊಸದನ್ನು ಕಟ್ಟೋಣ ಎಂದರು.

ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿದರು. ಪ್ಲಸ್ ಬಿಚ್ಚುವಾಗ ಸ್ಪ್ಯಾನರು ಬಾಡಿಗೆ ತಗುಲಿದರೂ ಆಗ ಏನೂ ಆಗದು. ಈ ಕ್ರಮವನ್ನು ನಿಮ್ಮಲ್ಲಿ ಒಬ್ಬರು ಪಾಲಿಸಿರಲಿಲ್ಲ ಎಂಬುದಕ್ಕೆ ಬ್ಯಾಟರಿ ಪಕ್ಕದ ತಗಡಿನ ಮೇಲೆ ಸ್ಪ್ಯಾನರಿನ ಕರಿ ಅಚ್ಚು ಬಿದ್ದಿದೆ. ಬೆಚ್ಚಿಬಿದ್ದದ್ದು ಸಾಕು, ಪೆಟ್ಟಾಗಿಲ್ಲ ಎಂದುಕೊಂಡಿದ್ದೇನೆ. ಆಮೇಲೆ ಇಡೀ ವೈರಿಂಗನ್ನು ಕತ್ತರಿಸದೆ ಹೊರಗೆಳೆದು ಪ್ಲೈವುಡ್ ಹಲಗೆಯ ಮೇಲೆ ಹಾಸಿ, ತಿರುವು ಇದ್ದಲ್ಲೆಲ್ಲ ಮೊಳೆ ಹೊಡೆದರು. ಈಗ ಗ್ರಂಥಸಂಪಾದನೆ. ಯಾವ ವೈರು ಮೂಲ ಪಾಠ, ಯಾವುದು ಪ್ರಕ್ಷೇಪ? ಮೂಲದ್ದಕ್ಕೆ ಬಟ್ಟೆಯ ಟೇಪು ಸುತ್ತಿತ್ತು, ಒಳಗಿನ ತಾಮ್ರ ಇನ್ನೂ ಹೊಳೆಯುತ್ತಿತ್ತು. ಡ್ಯಾಶ್‌ಬೋರ್ಡಿನ ಒಳಮೂಲೆಯಲ್ಲಿ, ಯಾರ ಕೈಯೂ ತಲಪದ ಜಾಗದಲ್ಲಿ, ಒಂದು ಗೇಣು ಉದ್ದಕ್ಕೆ ಎಲ್ಲ ಬಣ್ಣಗಳೂ ಹಾಗೆಯೇ ಇದ್ದವು. ನಿಮಗೆ ಅದು ಸಿಕ್ಕಿರಲಿಲ್ಲವಲ್ಲ ಎಂದು ಖುಷಿಪಟ್ಟೆ.

ಒಂದೊಂದೇ ವೈರನ್ನು ಮೀಟರ್ ಹಿಡಿದು ಈ ತುದಿಯಿಂದ ಆ ತುದಿಗೆ ಹಿಂಬಾಲಿಸುವುದು, ಹೊಸ ವೈರು ಅದೇ ಉದ್ದಕ್ಕೆ, ಅದೇ ಬಣ್ಣಕ್ಕೆ ಕತ್ತರಿಸಿ ಮೊಳೆಗಳ ನಡುವೆ ಎಳೆಯುವುದು. ಹೆಡ್‌ಲೈಟಿಗೆ ದಪ್ಪದ್ದು, ಮೀಟರ್ ದೀಪಕ್ಕೆ ಸಣ್ಣದು. ತುದಿಗೆ ಲಗ್ಸ್ ಇಟ್ಟು ಒತ್ತುವುದು. ಬೆಸುಗೆ ಹಾಕಿದರೆ ಇನ್ನೂ ಗಟ್ಟಿಯಲ್ಲವೇ ಎಂದು ಕೇಳಿದ್ದಕ್ಕೆ ಮೇಸ್ತ್ರಿ ತಲೆಯಾಡಿಸಿದರು: ಸೀಸ ಎಳೆಗಳ ನಡುವೆ ಇಳಿದು ವೈರನ್ನು ಕಡ್ಡಿ ಮಾಡುತ್ತದೆ, ಕುಲುಕಾಟಕ್ಕೆ ಅದು ಮುರಿಯುವುದು ಬೆಸುಗೆ ಮುಗಿದ ಅಂಚಿನಲ್ಲೇ. ಎಂಜಿನ್ ಕಡೆಯಿಂದ ಒಳಗೆ ಬರುವ ತೂತಿಗೆ ರಬ್ಬರ್ ಬುಷ್ ಹಾಕಿದ್ದೇವೆ. ಅಷ್ಟು ವರ್ಷ ಆ ತೂತಿನ ಅಂಚು ವೈರಿನ ಸಿಪ್ಪೆ ಸುಲಿಯುತ್ತಿತ್ತು, ನೀವು ಅಲ್ಲಿಗೆ ಟೇಪು ಸುತ್ತುತ್ತಿದ್ದಿರಿ, ಅಂಚು ಮತ್ತೆ ಸುಲಿಯುತ್ತಿತ್ತು. ಒಳ್ಳೆಯ ಜುಗಲಬಂದಿ.

ಹಲಗೆ, ಮೊಳೆ ಎಂದರೆ ಇದೇನು ಹಳ್ಳಿ ಉಪಾಯ ಎಂದು ನಗಬೇಡಿ. ಜಗತ್ತಿನ ದೊಡ್ಡ ಕಾರ್ಖಾನೆಗಳಲ್ಲೂ ವೈರಿಂಗ್ ಕಿಟ್ ಹುಟ್ಟುವುದು ಬಹುಪಾಲು ಹೀಗೆಯೇ, ಹಲಗೆಯ ಮೇಲೆ, ಮನುಷ್ಯರ ಕೈಯಲ್ಲಿ. ಕಬ್ಬಿಣ ಎತ್ತಿಡುವ ರೋಬೋಟಿಗೆ ಮೆತ್ತಗಿನ ವೈರು ಬಗ್ಗುವುದಿಲ್ಲ. 2022ರ ಮಾರ್ಚಿನಲ್ಲಿ ಫೋಕ್ಸ್‌ವ್ಯಾಗನ್, ಬಿಎಂಡಬ್ಲ್ಯು ಕಂಪನಿಗಳ ಕೆಲವು ಕಾರ್ಖಾನೆಗಳು ಜರ್ಮನಿಯಲ್ಲಿ ನಿಂತುಹೋದವು. ಎಂಜಿನ್ನಿಗೆ ಬರವಿರಲಿಲ್ಲ, ಉಕ್ಕಿಗೆ ಬರವಿರಲಿಲ್ಲ. ವೈರಿಂಗ್ ಕಟ್ಟುತ್ತಿದ್ದ ಕೈಗಳು ಪಶ್ಚಿಮ ಉಕ್ರೇನಿನಲ್ಲಿದ್ದವು, ಅಲ್ಲಿ ಯುದ್ಧ ಶುರುವಾಗಿತ್ತು. ನಮ್ಮ ಹೊಸಕೋಟೆಯಲ್ಲಿ 1998ರಿಂದ ವೋಲ್ವೋ ಲಾರಿ ತಯಾರಾಗುತ್ತದೆ, ದೇವನಹಳ್ಳಿ ಕಡೆ ಈಗ ಐಫೋನ್ ಜೋಡಿಸುತ್ತಾರೆ. ಆ ಕಾರ್ಖಾನೆಗಳ ಗೇಟಿನ ಎದುರಿನ ಟೀ ಅಂಗಡಿಯ ಪಕ್ಕದಲ್ಲಿ ತಗಡಿನ ಶೆಡ್ಡು ಹಾಕಿಕೊಂಡ ನೀವು ಮಾಡುವ ಕೆಲಸ ಕುಲದಲ್ಲಿ ಅದಕ್ಕಿಂತ ಕೀಳೇನಲ್ಲ. ಗುಲಾಬಿ ನೂಲಿನ ಬಗ್ಗೆಯಂತೂ ಮೇಸ್ತ್ರಿಗೆ ಒಂದು ಸುದ್ದಿ ಹೇಳಿದೆ: 2012ರಲ್ಲಿ ಮಂಗಳ ಗ್ರಹದ ಮೇಲೆ ಇಳಿದ ನಾಸಾದ ಕ್ಯೂರಿಯಾಸಿಟಿ ಗಾಡಿಯಲ್ಲೂ ವೈರುಗಳ ಕಟ್ಟನ್ನು ದಾರದಲ್ಲೇ ಬಿಗಿದು ಗಂಟು ಹಾಕಿದ್ದಾರೆ. ಅವರು ಲಗ್ಸ್ ಒತ್ತುತ್ತಲೇ, "ಅಲ್ಲಿ ಎಷ್ಟು ಕೊಟ್ರಂತೆ?" ಎಂದು ಕೇಳಿದರು.

ಬಿಚ್ಚಿದ ಹಳೆಯ ವೈರಿಂಗನ್ನು ಗುಜರಿಗೆ ಹಾಕಿದೆ. ತಕ್ಕಡಿಯಲ್ಲಿಟ್ಟು ನೋಡಿದ ಗುಜರಿಯವರು ತಾಮ್ರಕ್ಕಿಂತ ಟೇಪೇ ಜಾಸ್ತಿ ಎಂದು ದರ ಇಳಿಸಿದರು. ನಿಮ್ಮೆಲ್ಲರ ಬಗ್ಗೆ ಇದಕ್ಕಿಂತ ಚಿಕ್ಕದಾದ ವಿಮರ್ಶೆ ನನ್ನಿಂದ ಬರೆಯಲಾಗದು. ಆ ಗುಲಾಬಿ ನೂಲಿನ ಜಾಯಿಂಟನ್ನು ಮಾತ್ರ ಮೇಸ್ತ್ರಿ ಕತ್ತರಿಸಿ ಜೇಬಿಗೆ ಹಾಕಿಕೊಂಡರು, ಯಾಕೆಂದು ನಾನು ಕೇಳಲಿಲ್ಲ.

ಕೊನೆಗೆ ಒಂದು ವ್ಯವಹಾರದ ಮಾತು. ನೀವು ಮತ್ತೆ ಬರುತ್ತೀರಿ. ನೀವಲ್ಲದಿದ್ದರೆ ನಿಮ್ಮ ಶಿಷ್ಯರು. ಈ ಗಾಡಿ ಒಂದು ದಿನ ಇನ್ನೊಬ್ಬರ ಕೈಗೆ ಹೋಗುತ್ತದೆ, ಗಾಜಿನ ಮೇಲೆ ಇನ್ನೊಂದು ದೇವರ ಹೆಸರು ಬರುತ್ತದೆ, ಗಣಪತಿ ಬಿಡುವ ದಿನ ಬರುತ್ತದೆ, ಚುನಾವಣೆ ಬರುತ್ತದೆ, ದಾಬಸ್‌ಪೇಟೆಯಿಂದ ಹೊಸಕೋಟೆವರೆಗಿನ ವರ್ತುಲ ರಸ್ತೆಯಲ್ಲಿ ಯಾವುದೋ ರಾತ್ರಿ ಯಾವುದೋ ಲೈಟ್ ಹೋಗುತ್ತದೆ. ಆಗ "ಸದ್ಯಕ್ಕೆ ಒಂದ್ ಲೈನ್" ಎಂಬ ಮಾತು ನಿಮ್ಮ ಕಿವಿಗೆ ಬೀಳುತ್ತದೆ. ಅದಕ್ಕೇ ಹೊಸ ಫ್ಯೂಸ್ ಬಾಕ್ಸಿನಲ್ಲಿ ಮೂರು ಮನೆಗಳನ್ನು ಖಾಲಿ ಬಿಡಿಸಿದ್ದೇನೆ. ಮೂರಕ್ಕೂ ವೈರು ಎಳೆದು, ತುದಿಗೆ ಕಪ್ಲರು ಹಾಕಿ, ಚೀಟಿ ಅಂಟಿಸಿದೆ. ಮೊದಲನೆಯದರ ಮೇಲೆ "ಸೀರಿಯಲ್ ಸೆಟ್", ಎರಡನೆಯದರ ಮೇಲೆ "ಮೈಕ್", ಮೂರನೆಯದರ ಮೇಲೆ "ಸದ್ಯಕ್ಕೆ" ಎಂದು ಬರೆದಿದೆ. ದಯವಿಟ್ಟು ಅವನ್ನೇ ಬಳಸಿ. ಬ್ಯಾಟರಿಯ ತಲೆಯ ಮೇಲೆ ಕೈ ಇಡಬೇಡಿ. ಗ್ಲೋವ್ ಬಾಕ್ಸಿನಲ್ಲಿ ಇಡೀ ವೈರಿಂಗಿನ ನಕ್ಷೆ ಕನ್ನಡದಲ್ಲೇ ಇದೆ, ಲ್ಯಾಮಿನೇಷನ್ ಮಾಡಿಸಿದ್ದೇನೆ, ಗ್ರೀಸ್ ಕೈಯಲ್ಲಿ ಮುಟ್ಟಬಹುದು. ಪ್ರತಿ ಬಣ್ಣದ ವೈರೂ ಒಂದೊಂದು ಮಾರು ಸುತ್ತಿಟ್ಟಿದೆ. ಹಳದಿಯೂ ಇದೆ, ಗಾಬರಿಯಾಗಬೇಡಿ; ಅದು ಹೋಗಬೇಕಾದ ಒಂದು ಜಾಗವೂ ಗಾಡಿಯಲ್ಲಿದೆ, ನಕ್ಷೆ ನೋಡಿದರೆ ಗೊತ್ತಾಗುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಸದ್ಯದ ಮಾಲೀಕ

ವಿ.ಸೂ.: ಮೀಟರ್ ಬೋರ್ಡಿನ ಹಿಂದೆ ಒಂದು ಕಟಿಂಗ್ ಪ್ಲೇಯರ್ ಸಿಕ್ಕಿದೆ. ಒಂದು ಹಿಡಿಯ ರಬ್ಬರು ಹೋಗಿದೆ, ಅಲ್ಲಿಗೂ ಟೇಪೇ ಸುತ್ತಿದೆ. ಟೇಪಿನ ಬಣ್ಣ ಹೇಳಿದವರು ಬಂದು ತೆಗೆದುಕೊಂಡು ಹೋಗಬಹುದು. ಟೀ ಕೊಡುತ್ತೇನೆ. ಗಾಡಿಯ ಕೀ ಕೊಡುವುದಿಲ್ಲ.